ಒಳಗೆ ಯಾರು ಅನ್ನುವ ಮೊದಲು ಹೊರಗೆ ಯಾರು ಹೇಳಿ: ಫುಟಿ ತಂಡದ ಪಟ್ಟಿ ಓದುವ ಬಗೆ

2025ರ ಸೆಪ್ಟೆಂಬರ್ 27, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಗ್ರ್ಯಾಂಡ್ ಫೈನಲ್. ಒಂದು ಕಡೆ ಬ್ರಿಸ್ಬೇನ್ ಲಯನ್ಸ್, ಇನ್ನೊಂದು ಕಡೆ ಜಿಲಾಂಗ್. ಆ ವಾರ ಬ್ರಿಸ್ಬೇನ್ ಪಾಳಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಲ್ಯಾಕಿ ನೀಲ್ ಅವರದ್ದು. ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು 2020 ಮತ್ತು 2023ರಲ್ಲಿ ಗೆದ್ದ ಮಿಡ್‌ಫೀಲ್ಡರ್. ಮೂರು ವಾರ ಹಿಂದೆ ಇದೇ ಜಿಲಾಂಗ್ ವಿರುದ್ಧ ಆಡುವಾಗ ಮೀನಖಂಡದ ಸ್ನಾಯುವಿಗೆ ಪೆಟ್ಟು ಬಿದ್ದು, ಈ ವರ್ಷದ ಆಟ ಮುಗಿಯಿತು ಎಂದೇ ಆಗಿತ್ತು. ಈಗ ಮತ್ತೆ ಓಡುತ್ತಿದ್ದಾರೆ. ತಂಡಕ್ಕೆ ಸೇರಿಸಬೇಕೋ ಬೇಡವೋ?

ಸೇರಿಸಬೇಕು ಅನ್ನುವುದು ಸುಲಭ, ಅಂಥ ಆಟಗಾರ ಅವರು. ಆದರೆ ಅವರಿಲ್ಲದೆಯೇ ತಂಡ ಸೆಮಿಫೈನಲ್ ಗೆದ್ದಿತ್ತು, ಅದರ ನಂತರ, ಗ್ರ್ಯಾಂಡ್ ಫೈನಲ್‌ಗೆ ಮುಂಚೆ ಬರುವ ಪ್ರಿಲಿಮಿನರಿ ಫೈನಲ್ ಕೂಡ ಗೆದ್ದಿತ್ತು. ಗೆದ್ದ ತಂಡದಿಂದ ಯಾರನ್ನು ಎಬ್ಬಿಸಿ ಅವರನ್ನು ಕೂರಿಸುವುದು? ಮೀನಖಂಡ ಮತ್ತೆ ಕೈಕೊಟ್ಟರೆ ಉಳಿದ ಹೊತ್ತು ಆ ಓಟವನ್ನು ಓಡುವವರು ಯಾರು? ಫುಟಿ ಅಭಿಮಾನಿಗಳ ತಂಡದ ಚರ್ಚೆಯಲ್ಲಿ ಜೀವ ಇರುವುದು ಈ ಎರಡನೆಯ ಬಗೆಯ ಪ್ರಶ್ನೆಗಳಲ್ಲಿ. ತಂಡಕ್ಕೆ ಬರುವವರ ‘ಇನ್’ ಕಾಲಂ ತುಂಬುವುದು ಆಸೆಯ ಕೆಲಸ. ಹೊರಹೋಗುವವರ ‘ಔಟ್’ ಕಾಲಂ ತುಂಬುವುದಕ್ಕೆ ಆಟ ಗೊತ್ತಿರಬೇಕು.

ಆಟವನ್ನೇ ನೋಡದವರಿಗಾಗಿ ನಾಲ್ಕು ಮಾತು. ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಆಡುವುದು ಅಂಡಾಕಾರದ ಮೈದಾನದಲ್ಲಿ, ಬಹಳ ಕಡೆ ಕ್ರಿಕೆಟ್ ಮೈದಾನದಲ್ಲೇ. ಒಂದು ಕಡೆಗೆ 18 ಜನ. 20 ನಿಮಿಷದ ನಾಲ್ಕು ಕ್ವಾರ್ಟರ್; ಚೆಂಡು ನಿಂತ ಹೊತ್ತನ್ನೂ ಸೇರಿಸಿದರೆ ಒಂದೊಂದು ಕ್ವಾರ್ಟರ್ ಅರ್ಧ ಗಂಟೆಯ ಹತ್ತಿರ ಬರುತ್ತದೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ ಬಿಹೈಂಡ್, 1 ಅಂಕ. ಒದ್ದ ಚೆಂಡು 15 ಮೀಟರ್ ದಾಟಿ ಬರುವಾಗ ನೆಲ ಮುಟ್ಟುವ ಮುಂಚೆ ಹಿಡಿದರೆ ಅದು ಮಾರ್ಕ್, ಹಿಡಿದವನಿಗೆ ತಡೆಯಿಲ್ಲದ ಒದೆತ. ಆಫ್‌ಸೈಡ್ ಇಲ್ಲ. ಹಾಗಾಗಿ ಯಾರು ಎಲ್ಲಿ ಬೇಕಾದರೂ ಓಡಬಹುದು, ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ತಂಡದ ಆಯ್ಕೆಯಲ್ಲಿ ಬರುವ ಅರ್ಧ ತಲೆನೋವು ಈ ಓಟದಿಂದಲೇ ಹುಟ್ಟುವುದು.

ಹಾಳೆಯ ಮೇಲಿನ ಆರು ಸಾಲು

ಕ್ಲಬ್ ಪ್ರಕಟಿಸುವ ತಂಡದ ಪಟ್ಟಿ ಇಂದಿಗೂ ಹಳೆಯ ಕಾಲದ ಅಚ್ಚಿನಲ್ಲೇ ಬರುತ್ತದೆ. ಬ್ಯಾಕ್, ಹಾಫ್ ಬ್ಯಾಕ್, ಸೆಂಟರ್, ಹಾಫ್ ಫಾರ್ವರ್ಡ್, ಫಾರ್ವರ್ಡ್, ಫಾಲೋವರ್ಸ್ ಎಂದು ಆರು ಸಾಲು, ಸಾಲಿಗೆ ಮೂರು ಹೆಸರು. ಕೆಳಗೆ ಸರದಿಯಲ್ಲಿ ಒಳಗೂ ಹೊರಗೂ ಬದಲಾಗುವವರ ಇಂಟರ್‌ಚೇಂಜ್ ಬೆಂಚು, ಅದರ ಕೆಳಗೆ ಎಮರ್ಜೆನ್ಸಿಗಳು, ಅಂದರೆ ಕೊನೆ ಗಳಿಗೆಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಬರಲು ಸಿದ್ಧರಿರುವವರು. ಹೊಸಬರು ಇಲ್ಲೇ ಎಡವುತ್ತಾರೆ. ಬೆಂಚಿನ ಸಾಲಿನಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಆತ ಕಾಯುತ್ತಾ ಕೂರುವವನಲ್ಲ. ಪಟ್ಟಿಯಲ್ಲಿ ಬೆಂಚಿನಲ್ಲಿರುವ ಮಿಡ್‌ಫೀಲ್ಡರ್ ಆಟ ಶುರುವಾಗುವಾಗಲೇ ನಡುವಿನ ಚೌಕದೊಳಗೆ ನಿಂತಿರಬಹುದು, ‘ಹಾಫ್ ಫಾರ್ವರ್ಡ್’ ಎಂದು ಬರೆಸಿಕೊಂಡವನು ಇಡೀ ದಿನ ಎದುರಾಳಿಯ ಒಬ್ಬ ಡಿಫೆಂಡರ್ ಬೆನ್ನು ಬಿಡದೆ ಓಡುತ್ತಿರಬಹುದು.

ಆದ್ದರಿಂದ ಸಾಲು ಬಿಟ್ಟು ಕೆಲಸ ಎಣಿಸಬೇಕು. 2019ರಿಂದ ‘6-6-6’ ನಿಯಮವಿದೆ. ಪ್ರತಿ ಗೋಲಿನ ನಂತರ ಆಟ ನಡುವಿನಿಂದ ಶುರುವಾಗುವಾಗ ಎರಡೂ ಗೋಲುಗಳ ಮುಂದಿನ 50 ಮೀಟರ್ ಕಮಾನುಗಳೊಳಗೆ ತಂಡಕ್ಕೆ ಆರಾರು ಜನ ಇರಲೇಬೇಕು, ನಡುವೆ ಉಳಿದ ಆರು ಜನ. ಆ ಆರರಲ್ಲಿ ನಾಲ್ವರು ಸೆಂಟರ್ ಚೌಕದೊಳಗೆ, ಒಬ್ಬ ರಕ್ (ಮೇಲಕ್ಕೆ ಹೋದ ಚೆಂಡಿಗೆ ನೆಗೆಯುವವನು) ಮತ್ತು ಮೂವರು ಮಿಡ್‌ಫೀಲ್ಡರ್‌ಗಳು; ಇಬ್ಬರು ವಿಂಗ್‌ಗಳಲ್ಲಿ. ಗೋಲುಗಳು ಹೆಚ್ಚು ಬಿದ್ದ ದಿನ ಈ ನಿಲುವು ಮತ್ತೆ ಮತ್ತೆ ಬರುತ್ತದೆ. 2025ರ ಗ್ರ್ಯಾಂಡ್ ಫೈನಲ್‌ನಲ್ಲಿ ಎರಡೂ ಕಡೆ ಸೇರಿ 29 ಗೋಲು ಬಿದ್ದವು; ನಾಲ್ಕು ಕ್ವಾರ್ಟರ್‌ಗಳ ಆರಂಭ ಸೇರಿಸಿದರೆ ಸುಮಾರು 33 ಬಾರಿ ಹೀಗೇ ನಿಂತು ಆಟ ಹೊಸದಾಗಿ ಶುರುವಾಗಬೇಕು.

ಡಿಫೆನ್ಸ್‌ನ ಆರು ಜನರಲ್ಲಿ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ಎತ್ತರದವರು, ಎದುರಾಳಿಯ ಚುರುಕಿನ ಚಿಕ್ಕ ಫಾರ್ವರ್ಡ್‌ಗೆ ಅಂಟಿಕೊಳ್ಳುವ ಒಬ್ಬ, ಚೆಂಡು ಕಸಿದು ಮುಂದಕ್ಕೆ ಓಡಿಸುವ ಇಬ್ಬರು. ಫಾರ್ವರ್ಡ್‌ನಲ್ಲೂ ಎರಡು ಮೂರು ಎತ್ತರದವರು, ನೆಲಕ್ಕೆ ಬಿದ್ದ ಚೆಂಡನ್ನು ಬಾಚಿಕೊಳ್ಳುವ ಎರಡು ಮೂರು ಚಿಕ್ಕವರು, ಮೇಲಕ್ಕೂ ಕೆಳಕ್ಕೂ ಓಡಿ ಕೊಂಡಿಯಾಗುವ ಒಬ್ಬ. ನಡುವಿನಲ್ಲಿ ರಕ್, ಸರದಿಯಲ್ಲಿ ಒಳಬರುವ ಐದಾರು ಮಿಡ್‌ಫೀಲ್ಡರ್‌ಗಳು, ವಿಂಗ್‌ನವರು. ಕ್ಲಬ್ಬಿನ ಬಳಿ 40ಕ್ಕೂ ಹೆಚ್ಚು ಆಟಗಾರರಿರುತ್ತಾರೆ. ಅದರಿಂದ 23 ಜನರನ್ನು ಆರಿಸುವುದು ಅಂದರೆ ಮೇಲಿನ 23 ಹೆಸರು ಎತ್ತಿಡುವುದಲ್ಲ, ಈ ಕೆಲಸಗಳಲ್ಲಿ ಒಂದನ್ನೂ ಖಾಲಿ ಬಿಡದಂತೆ ಜೋಡಿಸುವುದು.

ಹಾಗಾಗಿ ‘ಇವನಿಗಿಂತ ಅವನು ಒಳ್ಳೆಯ ಆಟಗಾರ’ ಎಂಬ ವಾದ ಬಹಳ ಸಲ ಗುರಿ ತಪ್ಪುತ್ತದೆ. ಎದುರಾಳಿಯ ಚಿಕ್ಕ ಫಾರ್ವರ್ಡ್‌ನನ್ನು ಕಟ್ಟಿಹಾಕುವವನನ್ನು ತೆಗೆದು ಇನ್ನೊಬ್ಬ ಮಿಡ್‌ಫೀಲ್ಡರ್ ಹಾಕಿದರೆ ಕಾಗದದ ಮೇಲೆ ತಂಡ ಬಲವಾಗಿ ಕಾಣುತ್ತದೆ. ಮೈದಾನದಲ್ಲಿ ಆ ಚಿಕ್ಕ ಫಾರ್ವರ್ಡ್‌ಗೆ ಬೇರೆ ಯಾರೋ ಅಂಟಿಕೊಳ್ಳಬೇಕು. ಬಹುಪಾಲು ಆ ‘ಬೇರೆ ಯಾರೋ’ ತಂಡದ ಒಳ್ಳೆಯ ಓಟಗಾರ ಹಾಫ್ ಬ್ಯಾಕ್ ಆಗಿರುತ್ತಾನೆ, ಅವನ ಓಟ ಅಲ್ಲಿಗೆ ನಿಂತುಹೋಗುತ್ತದೆ. ಒಬ್ಬನ ಬದಲಾವಣೆ ಇಬ್ಬರ ಕೆಲಸ ಕೆಡಿಸಿತು.

ವಾರದ ನಡೆ, ಔಟ್ ಕಾಲಂನ ಪದಗಳು

ಪಂದ್ಯ ಮುಗಿದ ಮರುದಿನವೇ ಮುಂದಿನ ತಂಡದ ಲೆಕ್ಕ ಶುರು. ಮೊದಲು ಬರುವುದು ಮ್ಯಾಚ್ ರಿವ್ಯೂ ಅಧಿಕಾರಿಯ ತೀರ್ಪು. ಡಿಕ್ಕಿ, ಏಟುಗಳನ್ನು ಮೂರು ಅಳತೆಯಲ್ಲಿ ನೋಡುತ್ತಾರೆ: ಬೇಕೆಂದೇ ಮಾಡಿದ್ದೋ ಅಜಾಗರೂಕತೆಯೋ, ಪೆಟ್ಟಿನ ತೀವ್ರತೆ ಎಷ್ಟು, ಬಿದ್ದದ್ದು ತಲೆಗೋ ಮೈಗೋ. ಒಪ್ಪದ ಕ್ಲಬ್ ಟ್ರಿಬ್ಯುನಲ್‌ಗೆ ಹೋಗುತ್ತದೆ, ಸಾಮಾನ್ಯವಾಗಿ ಮಂಗಳವಾರ. ಆ ಸಂಜೆ ತನಕ ಎರಡು ತಂಡ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 2023ರ ಫೈನಲ್ಸ್‌ನ ಮೊದಲ ವಾರದ ಕ್ವಾಲಿಫೈಯಿಂಗ್ ಫೈನಲ್ ಒಂದರಿಂದಲೇ ಇಂಥ ಎರಡು ಪ್ರಕರಣ ಹುಟ್ಟಿದವು. ಮೆಲ್ಬರ್ನ್‌ನ ಆಂಗಸ್ ಬ್ರೇಶಾಗೆ ಡಿಕ್ಕಿ ಹೊಡೆದ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಅವರನ್ನು ಟ್ರಿಬ್ಯುನಲ್ ಬಿಟ್ಟಿತು, ಅವರು ಮುಂದೆ ಆಡಿದರು. ಅದೇ ಪಂದ್ಯದಲ್ಲಿ ಕಾಲಿಂಗ್‌ವುಡ್‌ನ ಡ್ಯಾನ್ ಮೆಕ್‌ಸ್ಟೇಗೆ ಹೊಡೆದ ಮೆಲ್ಬರ್ನ್‌ನ ಯುವ ಫಾರ್ವರ್ಡ್ ಜೇಕಬ್ ವ್ಯಾನ್ ರೂಯನ್‌ಗೆ ಒಂದು ಪಂದ್ಯ ಅಮಾನತು. ಕಾರ್ಲ್ಟನ್ ವಿರುದ್ಧದ ಸೆಮಿಫೈನಲ್ ತಪ್ಪಿತು.

ಶುಕ್ರವಾರ, ಶನಿವಾರದ ಪಂದ್ಯಗಳ ತಂಡ ಗುರುವಾರ ಸಂಜೆ ಹೊರಬೀಳುತ್ತದೆ. ಭಾನುವಾರದ ಪಂದ್ಯಕ್ಕೆ ಗುರುವಾರ ಬರುವುದು ಉದ್ದದ ಬೆಂಚಿರುವ ದೊಡ್ಡ ಪಟ್ಟಿ, ಮರುದಿನ ಅದನ್ನು ಕತ್ತರಿಸುತ್ತಾರೆ. ಭಾನುವಾರದ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ‘ಅವನು ಬಂದ’ ಎಂದು ಬೀಗುವುದು ಬೇಡ ಅನ್ನುವುದು ಇದಕ್ಕೇ. ಇನ್ನು ಆಟ ಶುರುವಾಗುವ ಸುಮಾರು ಒಂದು ಗಂಟೆ ಮುಂಚೆ ಬರುವುದೇ ಕೊನೆಯ ಪಟ್ಟಿ.

ಔಟ್ ಕಾಲಂನಲ್ಲಿ ಹೆಸರಿನ ಪಕ್ಕ ಆವರಣದಲ್ಲಿ ಒಂದು ಪದ ಇರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ಗಾಯದ ಹೆಸರು ಬರೆದಿದ್ದರೆ ವಿಷಯ ನೇರ. ‘ಓಮಿಟೆಡ್’ ಅಂದರೆ ಆಟ ಸಾಲದೆ ಕೈಬಿಟ್ಟರು. ‘ಮ್ಯಾನೇಜ್ಡ್’ ಅಂದರೆ ಆಡಲಾರದ ಸ್ಥಿತಿಯಲ್ಲ, ಆದರೆ ಮೈ ದಣಿದಿದೆ, ದೂರ ಪ್ರಯಾಣವಿದೆ, ಐದೇ ದಿನದ ಬಿಡುವಿದೆ ಇತ್ಯಾದಿ ಕಾರಣಕ್ಕೆ ವಿಶ್ರಾಂತಿ. ಓಮಿಟೆಡ್ ಆದವನು ಕೆಳ ಹಂತದ ಲೀಗ್‌ನಲ್ಲಿ ಆಡಿ ಜಾಗ ಮತ್ತೆ ಗಳಿಸಬೇಕು, ಮ್ಯಾನೇಜ್ಡ್ ಆದವನು ಮುಂದಿನ ವಾರ ನೇರ ಒಳಗೆ. ಈ ಎರಡನ್ನೂ ಒಂದೇ ಎಂದುಕೊಂಡು ‘ಕೋಚ್‌ಗೆ ಅವನ ಮೇಲೆ ನಂಬಿಕೆ ಹೋಯಿತು’ ಎಂದು ವಾದ ಕಟ್ಟಿದರೆ ಬುನಾದಿಯೇ ಇರುವುದಿಲ್ಲ.

ಚರ್ಚೆಗೆ ಜಾಗವೇ ಇಲ್ಲದ ಪದ ‘ಕನ್ಕಷನ್’. ತಲೆಗೆ ಪೆಟ್ಟು ಬಿದ್ದು ಕನ್ಕಷನ್ ಎಂದು ವೈದ್ಯರು ಹೇಳಿದರೆ ಎಎಫ್‌ಎಲ್‌ನಲ್ಲಿ ಕನಿಷ್ಠ 12 ದಿನ ಕಳೆಯದೆ ಮರಳುವಂತಿಲ್ಲ. ಅದೂ ಕನಿಷ್ಠ, ಲಕ್ಷಣಗಳು ಹೋಗಿ, ಹಂತ ಹಂತವಾಗಿ ಅಭ್ಯಾಸಕ್ಕೆ ಮರಳಿದ ಮೇಲೆಯೇ ಒಪ್ಪಿಗೆ. ಪ್ರಿಲಿಮಿನರಿ ಫೈನಲ್‌ಗೂ ಗ್ರ್ಯಾಂಡ್ ಫೈನಲ್‌ಗೂ ನಡುವೆ ಇರುವುದು ಏಳೆಂಟು ದಿನ. ಜಿಲಾಂಗ್‌ನ ಟಾಮ್ ಸ್ಟೀವರ್ಟ್ 2025ರ ಗ್ರ್ಯಾಂಡ್ ಫೈನಲ್ ತಪ್ಪಿಸಿಕೊಂಡದ್ದು ಹೀಗೆ. ಎದುರಾಳಿಯ ಉದ್ದ ಒದೆತಗಳನ್ನು ಓದಿ ಮಧ್ಯದಲ್ಲೇ ಮಾರ್ಕ್ ಹಿಡಿಯುವ ಅಂಥ ಡಿಫೆಂಡರ್ ಇಲ್ಲದಿದ್ದರೆ ಎದುರಾಳಿಯ ಕೋಚ್ ಕೂಡ ತನ್ನ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಅವರನ್ನು ಕಟ್ಟಿಹಾಕಲೆಂದೇ ಒಬ್ಬನನ್ನು ಮೀಸಲಿಡುವ ಅಗತ್ಯ ಈಗ ಇಲ್ಲವಲ್ಲ.

ಎತ್ತರದ ಲೆಕ್ಕ

ಫುಟಿ ಚರ್ಚೆಯಲ್ಲಿ ಅತಿ ಹೆಚ್ಚು ಹಗ್ಗಜಗ್ಗಾಟ ನಡೆಯುವುದು ಇಲ್ಲೇ: ಎತ್ತರದವರು ಎಷ್ಟು ಮಂದಿ? ಅದರಲ್ಲೂ ರಕ್ ಒಬ್ಬನೋ ಇಬ್ಬರೋ?

ರಕ್ ಅಂದರೆ ಆಟ ನಿಂತಾಗಲೆಲ್ಲ ಮೇಲಕ್ಕೆ ಹೋದ ಚೆಂಡನ್ನು ನೆಗೆದು ತನ್ನವರ ಕಡೆ ತಟ್ಟುವವನು. ಬಹುಪಾಲು ಎರಡು ಮೀಟರ್ ಎತ್ತರದ ಆಳು. ಇಷ್ಟು ದೊಡ್ಡ ಮೈ ಹೊತ್ತು ಒಂದು ಸ್ಟಾಪೇಜ್‌ನಿಂದ ಇನ್ನೊಂದಕ್ಕೆ ಓಡುವುದು ಅವನ ಕೆಲಸ, ಆದ್ದರಿಂದ ಅವನಿಗೆ ಉಸಿರು ಬಿಡಲು ಹೊತ್ತು ಬೇಕು. ಆ ಹೊತ್ತಿನಲ್ಲಿ ರಕ್ ಮಾಡುವವರು ಯಾರು? ಒಂದು ದಾರಿ, ಎರಡನೇ ಪೂರ್ಣ ರಕ್‌ಮನ್ ಇಟ್ಟುಕೊಂಡು ಉಳಿದ ಹೊತ್ತು ಅವನನ್ನು ಫಾರ್ವರ್ಡ್ ಆಗಿ ನಿಲ್ಲಿಸುವುದು. ಇನ್ನೊಂದು, ಎತ್ತರದ ಫಾರ್ವರ್ಡ್ ಒಬ್ಬನನ್ನೇ ಆ ಹತ್ತು ಹದಿನೈದು ನಿಮಿಷಕ್ಕೆ ಕಳಿಸುವುದು. ಮೊದಲ ದಾರಿಯಲ್ಲಿ ರಕ್ ಗಟ್ಟಿ, ಆದರೆ ಫಾರ್ವರ್ಡ್‌ನಲ್ಲಿ ಓಡಲಾರದ ಒಬ್ಬ ನಿಂತಿರುತ್ತಾನೆ. ಎರಡನೆಯದರಲ್ಲಿ ಓಟ ಉಳಿಯುತ್ತದೆ, ಆ ಸ್ವಲ್ಪ ಹೊತ್ತು ಸ್ಟಾಪೇಜ್‌ಗಳು ಎದುರಾಳಿಯ ಪಾಲಾಗುತ್ತವೆ.

ಹತ್ತಿರದಿಂದ ಒಂದು ದೃಶ್ಯ ನೋಡಿ. ಚೆಂಡು ಎತ್ತರಕ್ಕೆ ಹಾರಿ ಗೋಲಿನಿಂದ 20 ಮೀಟರ್ ದೂರದಲ್ಲಿ ಇಳಿಯುತ್ತಿದೆ. ಇಬ್ಬರು ಎತ್ತರದ ಫಾರ್ವರ್ಡ್‌ಗಳು ನೆಗೆಯುತ್ತಾರೆ, ಮೂವರು ಡಿಫೆಂಡರ್‌ಗಳೂ ನೆಗೆಯುತ್ತಾರೆ. ಐದು ಜೋಡಿ ಕೈ ಒಂದೇ ಕಡೆ. ಒಬ್ಬ ಡಿಫೆಂಡರ್ ಮುಷ್ಟಿಯಿಂದ ಚೆಂಡನ್ನು ಗುದ್ದುತ್ತಾನೆ, ಅದು ಹುಲ್ಲಿಗೆ ಬಿದ್ದು ಅಡ್ಡಾದಿಡ್ಡಿ ಪುಟಿಯುತ್ತದೆ. ಮುಂದಿನ ಎರಡು ಸೆಕೆಂಡಿನಲ್ಲಿ ಆ ಚೆಂಡಿನ ಮೇಲೆ ಯಾರು ಬೀಳುತ್ತಾರೆ? ಗುಂಪಿನ ಮುಂದೆ ಚಿಕ್ಕ ಫಾರ್ವರ್ಡ್ ಒಬ್ಬ ಬಂದು ನಿಂತಿದ್ದರೆ ಗೋಲು. ಅವನ ಜಾಗದಲ್ಲಿ ನೀವು ಮೂರನೇ ಎತ್ತರದವನನ್ನು ಹಾಕಿದ್ದರೆ ಆತ ಇನ್ನೂ ನೆಲದಿಂದ ಎದ್ದು ತಿರುಗುತ್ತಿರುತ್ತಾನೆ, ಅಷ್ಟರಲ್ಲಿ ಎದುರಾಳಿಯ ಹಾಫ್ ಬ್ಯಾಕ್ ಚೆಂಡು ಎತ್ತಿಕೊಂಡು ಇನ್ನೊಂದು ತುದಿಗೆ ಹೊರಟಿರುತ್ತಾನೆ. ಮಳೆ ಬಿದ್ದ ದಿನ ಮಾರ್ಕ್‌ಗಳು ಕೈಜಾರುತ್ತವೆ, ಈ ನೆಲದ ಚೆಂಡಿನ ಪಾಲು ಇನ್ನೂ ಹೆಚ್ಚು. ಮೆಲ್ಬರ್ನ್‌ನ ಚಳಿಗಾಲದ ಹವಾಮಾನ ಮುನ್ಸೂಚನೆಯನ್ನು ತಂಡದ ಚರ್ಚೆಯಲ್ಲಿ ಎಳೆದು ತರುವುದು ಇದಕ್ಕೇ. ಬೆಂಗಳೂರಿನಲ್ಲಿ ಪಿಚ್ ನೋಡಿ ಇನ್ನೊಬ್ಬ ಸ್ಪಿನ್ನರ್ ಬೇಕೆ ಎಂದು ಕೇಳುತ್ತೇವಲ್ಲ, ಅಲ್ಲಿ ಮೋಡ ನೋಡಿ ಇನ್ನೊಬ್ಬ ಎತ್ತರದವನು ಬೇಕೆ ಎಂದು ಕೇಳುತ್ತಾರೆ.

2023ರ ಮೆಲ್ಬರ್ನ್ ತಂಡ ಈ ಪ್ರಶ್ನೆಯ ದೊಡ್ಡ ಪಾಠ. ಮ್ಯಾಕ್ಸ್ ಗಾನ್ ಅವರಂಥ ರಕ್ ಇದ್ದೂ ಕಾಲಿಂಗ್‌ವುಡ್‌ನಿಂದ ಬ್ರೋಡಿ ಗ್ರಂಡಿ ಅವರನ್ನು ತಂದರು. ಇಬ್ಬರೂ ಒಂದನೇ ದರ್ಜೆಯ ರಕ್‌ಮನ್‌ಗಳು. ಗ್ರಂಡಿ ಫಾರ್ವರ್ಡ್‌ನಲ್ಲಿ ಹೊಂದಿಕೊಳ್ಳಲಿಲ್ಲ, ಋತುವಿನ ಕೊನೆಯ ಭಾಗದಲ್ಲಿ ಕೆಳ ಹಂತದ ಲೀಗ್ ಆದ ವಿಎಫ್‌ಎಲ್‌ಗೆ ಇಳಿದರು, ಫೈನಲ್ಸ್‌ನ ಎರಡೂ ಪಂದ್ಯಗಳಲ್ಲಿ ಜಾಗ ಸಿಗಲಿಲ್ಲ. ಆ ಎರಡನ್ನೂ ಮೆಲ್ಬರ್ನ್ ಸೋತಿತು, ಕಾಲಿಂಗ್‌ವುಡ್‌ಗೆ 7 ಅಂಕದಿಂದ, ಕಾರ್ಲ್ಟನ್‌ಗೆ 2 ಅಂಕದಿಂದ. ‘ಗ್ರಂಡಿ ಇದ್ದಿದ್ದರೆ’ ಅನ್ನುವ ವಾದ ಅಲ್ಲಿಂದ ಎದ್ದಿತು. ಆದರೆ ಅಂಕಪಟ್ಟಿ ಬಿಡಿಸಿ ನೋಡಿ. ಕಾಲಿಂಗ್‌ವುಡ್ 9 ಗೋಲು 6 ಬಿಹೈಂಡ್, ಮೆಲ್ಬರ್ನ್ 7 ಗೋಲು 11 ಬಿಹೈಂಡ್. ಕಾರ್ಲ್ಟನ್ 11 ಗೋಲು 7 ಬಿಹೈಂಡ್, ಮೆಲ್ಬರ್ನ್ 9 ಗೋಲು 17 ಬಿಹೈಂಡ್. ಎದುರಾಳಿ ತಾನೇ ಗೆರೆ ದಾಟಿಸಿದ ಬಿಹೈಂಡ್‌ಗಳೂ ಇದರಲ್ಲಿ ಸೇರಿರುತ್ತವೆ ನಿಜ. ಆದರೂ ಎರಡೂ ದಿನ ಹೆಚ್ಚು ಅವಕಾಶ ಬಂದದ್ದು ಮೆಲ್ಬರ್ನ್‌ಗೇ. ಕೊರತೆ ಇದ್ದದ್ದು ಚೆಂಡನ್ನು ಅಲ್ಲಿಗೆ ತಲುಪಿಸುವುದರಲ್ಲಲ್ಲ, ಅಲ್ಲಿಂದ ಸರಿಯಾಗಿ ಒದೆಯುವುದರಲ್ಲಿ. ಇನ್ನೊಬ್ಬ ರಕ್‌ಮನ್ ಅದನ್ನು ಸರಿಪಡಿಸುತ್ತಿದ್ದ ಎಂದು ನನಗೆ ಅನ್ನಿಸುವುದಿಲ್ಲ. ಸೋತ ಮೇಲೆ ಹೊರಗಿದ್ದವನು ದೊಡ್ಡವನಾಗಿ ಕಾಣುತ್ತಾನೆ. ಯಾವ ಕೆಲಸದಲ್ಲಿ ಸೋತೆವೋ ಅದನ್ನು ಅವನು ಮಾಡುತ್ತಿದ್ದನೇ ಎಂದು ಕೇಳಬೇಕು.

ರಕ್ ಜಾಗವನ್ನು ನೇರಾನೇರ ತುಂಬಿದ ಉದಾಹರಣೆ 2024ರ ಬ್ರಿಸ್ಬೇನ್. ಪ್ರಿಲಿಮಿನರಿ ಫೈನಲ್‌ನಲ್ಲಿ ಆಸ್ಕರ್ ಮ್ಯಾಕಿನರ್ನಿ ಭುಜ ಕಳಚಿಕೊಂಡರು. ಫಾರ್ವರ್ಡ್ ಒಬ್ಬನನ್ನು ಎಳೆದು ತಂದು ಎರಡು ಕಡೆ ಕೆಲಸ ಕೆಡಿಸುವ ಬದಲು, ಮೀಸಲು ರಕ್‌ಮನ್ ಡಾರ್ಸಿ ಫೋರ್ಟ್ ಅವರನ್ನೇ ಗ್ರ್ಯಾಂಡ್ ಫೈನಲ್‌ಗೆ ಕರೆತಂದರು. ಉಳಿದವರ ಕೆಲಸ ಇದ್ದ ಹಾಗೇ ಉಳಿಯಿತು. ಸಿಡ್ನಿ ವಿರುದ್ಧ 120-60.

ಅಂಕಿ ಅಂಶದಲ್ಲಿ ಕಾಣದವನು

2023ರ ಗ್ರ್ಯಾಂಡ್ ಫೈನಲ್‌ಗೆ ಕಾಲಿಂಗ್‌ವುಡ್‌ನ ಡ್ಯಾನ್ ಮೆಕ್‌ಸ್ಟೇ ಮಂಡಿ ಗಾಯದಿಂದ ಹೊರಬಿದ್ದರು, ಬಂದವರು ಬಿಲ್ಲಿ ಫ್ರಾಂಪ್ಟನ್. ಇವರು ಡಿಫೆಂಡರ್ ಆಗಿಯೂ ಆಡುವವರು, ನಿಲ್ಲಿಸಿದ್ದು ಫಾರ್ವರ್ಡ್‌ನಲ್ಲಿ. ಕೆಲಸ ಒಂದೇ: ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರ್ಯೂಸ್ ಆರಾಮಾಗಿ ತೇಲಿಬಂದು ಮಾರ್ಕ್ ಹಿಡಿಯಲು ಬಿಡಬಾರದು. ಆಂಡ್ರ್ಯೂಸ್ ಅಂಥವರು ತಮ್ಮ ಎದುರಾಳಿಯನ್ನು ಬಿಟ್ಟು ಚೆಂಡು ಬೀಳುವ ಕಡೆಗೆ ಓಡುವುದರಲ್ಲಿ ನಿಪುಣರು. ಅವರ ಮೈಗೆ ಮೈ ಒತ್ತಿ, ಓಡುವ ದಾರಿಗೆ ಅಡ್ಡ ಬಂದು, ಚೆಂಡು ಬೀಳುವ ಜಾಗದಿಂದ ದೂರಕ್ಕೆ ಎಳೆದುಕೊಂಡು ಹೋಗುವುದು ಫ್ರಾಂಪ್ಟನ್ ಪಾಲಿಗೆ ಬಂದ ಕೆಲಸ. ಇಂಥ ಕೆಲಸ ಮಾಡಿದವನಿಗೆ ಚೆಂಡು ಹೆಚ್ಚು ಸಿಗುವುದಿಲ್ಲ, ಗೋಲು ಬರುವುದಿಲ್ಲ. ಮರುದಿನದ ಅಂಕಿ ಅಂಶ ನೋಡಿದವರು ‘ಇವನೇನು ಮಾಡಿದ’ ಎನ್ನುತ್ತಾರೆ. ಕಾಲಿಂಗ್‌ವುಡ್ 90-86ಕ್ಕೆ ಗೆದ್ದಿತು, ನಾಲ್ಕೇ ಅಂಕ. ಅಷ್ಟು ಕಿರಿದಾದ ಅಂತರದಲ್ಲಿ ಎದುರಾಳಿಯ ಕೈಗೆ ಹೋಗದ ಒಂದೊಂದು ಮಾರ್ಕ್‌ಗೂ ಬೆಲೆ ಇದೆ.

ಚೆಂಡನ್ನು ಎಷ್ಟು ಸಲ ಒದ್ದ ಅಥವಾ ಕೈಯಿಂದ ದಾಟಿಸಿದ ಅನ್ನುವ ಡಿಸ್ಪೋಸಲ್ ಸಂಖ್ಯೆಯನ್ನೇ ಹಿಡಿದು ವಾದಿಸುವವರನ್ನು ಇಲ್ಲಿ ತಡೆಯಬೇಕು. ಒತ್ತಡವಿಲ್ಲದ ಕಡೆ ಪಕ್ಕಕ್ಕೆ ಒದ್ದು 30 ಸಲ ಚೆಂಡು ಮುಟ್ಟಬಹುದು. ಮಿಡ್‌ಫೀಲ್ಡರ್‌ಗೆ ಕ್ಲಿಯರೆನ್ಸ್ (ಸ್ಟಾಪೇಜ್‌ನಿಂದ ಚೆಂಡು ಹೊರತೆಗೆದದ್ದು), ಗುದ್ದಾಡಿ ಗೆದ್ದ ಚೆಂಡು ನೋಡಿ. ಚಿಕ್ಕ ಫಾರ್ವರ್ಡ್‌ಗೆ ಅವನು ದಾಳಿ ಮಾಡುವ ಕಡೆಯ 50 ಮೀಟರ್ ಕಮಾನಿನೊಳಗಿನ ಟ್ಯಾಕಲ್ ನೋಡಿ. ಡಿಫೆಂಡರ್‌ಗೆ ಅವನ ಎದುರಾಳಿ ಹೊಡೆದ ಗೋಲುಗಳನ್ನು ನೋಡಿ. ವಿಂಗ್‌ನವನಿಗಂತೂ ಆಟದ ವಿಡಿಯೋ ಬಿಟ್ಟರೆ ಬೇರೆ ಅಳತೆಯೇ ಸಿಗುವುದು ಕಷ್ಟ. ಚೆಂಡು ಇನ್ನೊಂದು ಬದಿಯಲ್ಲಿದ್ದಾಗ ಆತ ತನ್ನ ಗೆರೆ ಬಿಡದೆ ನಿಂತನೇ, ಚೆಂಡು ಕಳೆದುಕೊಂಡಾಗ ಹಿಂದಕ್ಕೆ ಓಡಿದನೇ ಎಂಬುದೇ ಅವನ ಆಟ.

ಗಾಯಗೊಂಡ ತಾರೆಯ ತೂಕ

ನೀಲ್ ಪ್ರಶ್ನೆಗೆ ಮರಳೋಣ, ಅದಕ್ಕೆ ಮೊದಲು ಸಿಡ್ನಿಯ ಎರಡು ಗ್ರ್ಯಾಂಡ್ ಫೈನಲ್ ನೆನೆಯಬೇಕು.

2022ರ ಪ್ರಿಲಿಮಿನರಿ ಫೈನಲ್ ಅನ್ನು ಸಿಡ್ನಿ ಒಂದೇ ಅಂಕದಿಂದ ಗೆದ್ದಿತು. ಅದರಲ್ಲಿ ಸ್ಯಾಮ್ ರೀಡ್ ತೊಡೆಯ ಒಳಭಾಗದ ಸ್ನಾಯು ನೋಯಿಸಿಕೊಂಡರು. ಅವರು ಎತ್ತರದ ಫಾರ್ವರ್ಡ್ ಜೊತೆಗೆ ಎರಡನೇ ರಕ್ ಕೂಡ, 2012ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದ ಅನುಭವಿ. ಎರಡು ಕೆಲಸ ಮಾಡುವವನ ಬದಲಿ ಹುಡುಕುವುದು ಕಷ್ಟ, ಏಳು ದಿನದ ಅವಧಿ, ಆಡಿಸಿದರು. ಆಟ ಮುಗಿಯುವ ಮೊದಲೇ ಅವರು ಹೊರಬರಬೇಕಾಯಿತು. ಅದೇ ವಾರ ಜಿಲಾಂಗ್‌ನಲ್ಲಿ ಯುವಕ ಮ್ಯಾಕ್ಸ್ ಹೋಮ್ಸ್‌ಗೆ ಹ್ಯಾಮ್‌ಸ್ಟ್ರಿಂಗ್ ತೊಂದರೆ; ಜಿಲಾಂಗ್ ಅವರನ್ನು ಕೈಬಿಟ್ಟು ಮಾರ್ಕ್ ಓಕಾನರ್ ಅವರನ್ನು ತಂದಿತು. ಜಿಲಾಂಗ್ 133, ಸಿಡ್ನಿ 52. ಆ 81 ಅಂಕದ ಸೋಲು ಒಂದೇ ಆಯ್ಕೆಯಿಂದ ಬಂದದ್ದಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಎರಡು ಕ್ಲಬ್‌ಗಳು ಒಂದೇ ವಾರ ಒಂದೇ ಬಗೆಯ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟದ್ದು ಅಪರೂಪಕ್ಕೆ ಇಷ್ಟು ಸ್ಪಷ್ಟವಾಗಿ ಕಾಣಸಿಗುತ್ತದೆ. 2024ರಲ್ಲಿ ಸಿಡ್ನಿ ಮತ್ತೆ ಅದೇ ಕವಲಿನಲ್ಲಿ ನಿಂತಿತು. ಕ್ಯಾಲಮ್ ಮಿಲ್ಸ್ ಹ್ಯಾಮ್‌ಸ್ಟ್ರಿಂಗ್‌ನಿಂದ ಹೊರಗುಳಿದರು, ಕಣಕಾಲು ನೋವಿದ್ದ ಫಾರ್ವರ್ಡ್ ಲೋಗನ್ ಮೆಕ್‌ಡೊನಾಲ್ಡ್ ಆಡಿದರು. ಅವರೂ ಪಂದ್ಯ ಪೂರ್ತಿ ಮುಗಿಸಲಿಲ್ಲ.

ಗಾಯ ಎಲ್ಲಿ ಅನ್ನುವುದು ಇಲ್ಲಿ ಮುಖ್ಯ. ಭುಜವನ್ನು ಬಿಗಿಯಾಗಿ ಪಟ್ಟಿ ಸುತ್ತಿ, ನೋವಿನ ಚುಚ್ಚುಮದ್ದು ಕೊಟ್ಟು ಆಡಿಸಬಹುದು, ಓಟ ಉಳಿಯುತ್ತದೆ. ಹ್ಯಾಮ್‌ಸ್ಟ್ರಿಂಗ್, ಮೀನಖಂಡ, ತೊಡೆಸಂದಿಯ ಸ್ನಾಯು ಹಾಗಲ್ಲ. ಇವು ಮಂಗಳವಾರದ ಅಭ್ಯಾಸದಲ್ಲಿ ನೇರ ಓಟಕ್ಕೆ ತಡೆದುಕೊಳ್ಳುತ್ತವೆ, ಶನಿವಾರ ದಣಿದ ಹೊತ್ತಲ್ಲಿ ಥಟ್ಟನೆ ದಿಕ್ಕು ಬದಲಿಸುವಾಗ, ನೆಗೆದು ಒಂದೇ ಕಾಲಿನ ಮೇಲೆ ಇಳಿಯುವಾಗ ಕೈಕೊಡುತ್ತವೆ. ಅಭ್ಯಾಸದ ವಿಡಿಯೋದಲ್ಲಿ ಆಟಗಾರ ಓಡಿದ್ದನ್ನು ನೋಡಿ ‘ಫಿಟ್ ಆಗಿದ್ದಾನೆ’ ಎಂದು ತೀರ್ಮಾನಿಸುವವರು ಈ ವ್ಯತ್ಯಾಸ ಮರೆಯುತ್ತಾರೆ. ತಿರುವು ಹೇಗೆ ತೆಗೆದುಕೊಂಡ, ಪೂರ್ಣ ಬಲದಲ್ಲಿ ಒದ್ದನೇ, ಎಲ್ಲರ ಜೊತೆ ಡಿಕ್ಕಿಯ ಅಭ್ಯಾಸ ಮಾಡಿದನೇ ಅನ್ನುವುದನ್ನು ನೋಡಬೇಕು.

ಒಬ್ಬ ಹೊರಬಿದ್ದರೆ ತಂಡಕ್ಕೆ ಆಗುವ ನಷ್ಟವನ್ನು ಬೆಂಚಿನ ಲೆಕ್ಕದಲ್ಲಿ ಅಳೆಯಬಹುದು. 2021ರಿಂದ ಒಂದು ಪಂದ್ಯಕ್ಕೆ 75 ಇಂಟರ್‌ಚೇಂಜ್ ಮಾತ್ರ, ಅಂದರೆ ಕ್ವಾರ್ಟರ್‌ಗೆ 19ರ ಸುಮಾರು. ಕ್ವಾರ್ಟರ್ ನಡುವಿನ ಬಿಡುವಿನಲ್ಲಿ ಬದಲಿಸಿದ್ದು ಲೆಕ್ಕಕ್ಕಿಲ್ಲ. 2025ರವರೆಗೆ ಇದ್ದ ನಾಲ್ವರ ಬೆಂಚಿನಲ್ಲಿ ಒಬ್ಬ ಹೋದರೆ ಉಳಿದ ಮೂವರ ಮೇಲೆ ಇಡೀ ಸರದಿ. ಮೂರನೇ ಕ್ವಾರ್ಟರ್‌ನ ಕೊನೆಗೆ ಮಿಡ್‌ಫೀಲ್ಡರ್‌ಗಳ ಕಾಲು ಭಾರವಾಗುವುದು ಕಣ್ಣಿಗೇ ಕಾಣುತ್ತದೆ: ಚೆಂಡು ಕಳೆದುಕೊಂಡಾಗ ಹಿಂದಕ್ಕೆ ಓಡುವುದು ನಿಲ್ಲುತ್ತದೆ, ಎದುರಾಳಿ ನಡುವಿನಿಂದ ಸಲೀಸಾಗಿ ಹರಿದುಹೋಗುತ್ತದೆ.

ಇದಕ್ಕೊಂದು ಗುರಾಣಿಯಾಗಿದ್ದದ್ದು ‘ಸಬ್’. ಇದರ ಚರಿತ್ರೆ ಸುತ್ತುಬಳಸಿನದು. 2011ರಿಂದ 2015ರವರೆಗೆ ಮೂವರು ಇಂಟರ್‌ಚೇಂಜ್ ಮತ್ತು ಒಬ್ಬ ಸಬ್. 2016ರಲ್ಲಿ ಸಬ್ ಹೋಗಿ ನಾಲ್ವರೂ ಇಂಟರ್‌ಚೇಂಜ್. 2021ರಲ್ಲಿ ಗಾಯಕ್ಕೆ ಮಾತ್ರ ಮೆಡಿಕಲ್ ಸಬ್. 2023ರಿಂದ 2025ರವರೆಗೆ ಯಾವ ಕಾರಣಕ್ಕಾದರೂ ಇಳಿಸಬಹುದಾದ ಸಬ್. ಅದೇ 2023ರಲ್ಲಿ ನಮ್ಮ ಐಪಿಎಲ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಬಂದದ್ದು ನೆನಪಿರಬಹುದು. ವ್ಯತ್ಯಾಸ ಇಷ್ಟು: ಐಪಿಎಲ್‌ನಲ್ಲಿ ಐದು ಹೆಸರು ಕೊಟ್ಟು ಅದರಲ್ಲಿ ಒಬ್ಬನನ್ನು ಆಟದ ನಡುವೆ ಆರಿಸಬಹುದು, ಫುಟಿಯಲ್ಲಿ ಒಂದೇ ಹೆಸರು, ಆಟಕ್ಕೆ ಮುಂಚೆಯೇ ಗೊತ್ತಿರುತ್ತಿತ್ತು. ಬದಲಾಗಿ ಹೊರಬಂದವನು ಮತ್ತೆ ಒಳಹೋಗುವಂತಿಲ್ಲ, ಅದು ಎರಡರಲ್ಲೂ ಒಂದೇ.

ನೀಲ್ ಪ್ರಶ್ನೆಗೆ ಬ್ರಿಸ್ಬೇನ್ ಕೊಟ್ಟ ಉತ್ತರ ಅವರನ್ನು ಸಬ್ ಮಾಡಿದ್ದು. ಮೀನಖಂಡಕ್ಕೆ ಪೂರ್ಣ ಪಂದ್ಯದ ಭಾರವಿಲ್ಲ. ಅದು ಕೈಕೊಟ್ಟರೂ ನಾಲ್ವರ ಇಂಟರ್‌ಚೇಂಜ್ ಬಹುಹೊತ್ತು ಪೂರ್ತಿಯಾಗಿ ಸಿಕ್ಕಿರುತ್ತದೆ. ಸಾಮಾನ್ಯವಾಗಿ ಸಬ್ ಜಾಗ ಎರಡು ಮೂರು ಕಡೆ ಆಡಬಲ್ಲ ಯುವಕನಿಗೆ ಹೋಗುತ್ತಿತ್ತು, ಡಿಫೆಂಡರ್ ಬಿದ್ದರೂ ಫಾರ್ವರ್ಡ್ ಬಿದ್ದರೂ ತೇಪೆ ಹಾಕಲು. ಆ ಅನುಕೂಲ ಬಿಟ್ಟುಕೊಟ್ಟದ್ದೇ ಬ್ರಿಸ್ಬೇನ್ ತೆತ್ತ ಬೆಲೆ. ಮೊದಲ ಹತ್ತು ನಿಮಿಷದಲ್ಲೇ ಎತ್ತರದ ಡಿಫೆಂಡರ್ ಒಬ್ಬ ಗಾಯಗೊಂಡಿದ್ದರೆ ಸಬ್ ಆಗಿ ಕೂತಿದ್ದ ನೀಲ್ ಆ ಕೆಲಸಕ್ಕೆ ಬರುತ್ತಿರಲಿಲ್ಲ, ಜೊತೆಗೆ ಬಹುತೇಕ ಇಡೀ ಪಂದ್ಯ ಓಡಬೇಕಾಗುತ್ತಿತ್ತು. ಅವರು ಇಳಿದದ್ದು ಅರ್ಧ ಆಟ ಮುಗಿದ ಮೇಲೆ. ಎರಡನೇ ಅರ್ಧದಲ್ಲಿ ಬ್ರಿಸ್ಬೇನ್ ದೂರ ಸಾಗಿತು, 122-75. ಈ ಅನುಕೂಲ ಈಗ ಇಲ್ಲ. 2026ರಿಂದ ಸಬ್ ತೆಗೆದು ಐವರನ್ನೂ ಇಂಟರ್‌ಚೇಂಜ್‌ಗೆ ಬಿಟ್ಟಿದ್ದಾರೆ. ಅರೆಗುಣವಾದ ಆಟಗಾರನನ್ನು ಅರ್ಧ ಆಟದವರೆಗೆ ಕಾಯಿಸಿಟ್ಟರೆ ಉಳಿದ ನಾಲ್ವರೊಂದಿಗೆ ಸರದಿ ನಡೆಯುತ್ತದೆ, ಎದುರಾಳಿ ಐವರನ್ನು ತಿರುಗಿಸುತ್ತಿರುತ್ತದೆ. ಇನ್ನೊಂದು ಕಡೆ ಐದನೇ ಜಾಗ ಸಿಕ್ಕಿರುವುದರಿಂದ ಎರಡನೇ ರಕ್‌ಮನ್ ಪರ ವಾದಿಸುವವರ ಕೈ ಸ್ವಲ್ಪ ಬಲವಾಗಿದೆ.

ಕೆಳಗಿನ ಲೀಗ್‌ನ ಆಟ

‘ವಿಎಫ್‌ಎಲ್‌ನಲ್ಲಿ ಮಿಂಚುತ್ತಿದ್ದಾನೆ, ಯಾಕೆ ಕರೆಯುತ್ತಿಲ್ಲ?’ ಪ್ರತಿ ವಾರ ಕೇಳಿಬರುವ ಮಾತು. ಅಲ್ಲಿ ಯಾವ ಕೆಲಸದಲ್ಲಿ ಮಿಂಚುತ್ತಿದ್ದಾನೆ ಎಂಬುದನ್ನು ಮೊದಲು ನೋಡಿ. ಕೆಳಗೆ ಮಿಡ್‌ಫೀಲ್ಡರ್ ಆಗಿ ಚೆಂಡು ರಾಶಿ ಹಾಕುವವನಿಗೆ ಮೇಲೆ ಖಾಲಿ ಇರುವುದು ಗೋಲಿನ ಪಕ್ಕದ ಫಾರ್ವರ್ಡ್ ಪಾಕೆಟ್ ಜಾಗ ಮಾತ್ರ ಆಗಿದ್ದರೆ, ಅವನ ಆ ಅಂಕಿ ಈ ಜಾಗದ ಬಗ್ಗೆ ಏನೂ ಹೇಳುವುದಿಲ್ಲ.

ಎರಡೂ ಹೊಂದಿದಾಗ ಏನಾಗುತ್ತದೆ ಎಂಬುದಕ್ಕೆ ಮಾರ್ಲಿಯನ್ ಪಿಕೆಟ್ ಸಾಕ್ಷಿ. 2019ರ ನಡುವಿನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಅವರನ್ನು ತೆಗೆದುಕೊಂಡಾಗ ವಯಸ್ಸು 27, ಎಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಸೆಪ್ಟೆಂಬರ್‌ನಲ್ಲಿ ರಿಚ್ಮಂಡ್‌ನ ವಿಎಫ್‌ಎಲ್ ತಂಡ ಗ್ರ್ಯಾಂಡ್ ಫೈನಲ್ ಗೆದ್ದಾಗ ಅತ್ಯುತ್ತಮ ಆಟಗಾರ ಅವರೇ. ಅತ್ತ ಮೇಲಿನ ತಂಡದ ಜ್ಯಾಕ್ ಗ್ರಹಾಂ ಭುಜದ ಗಾಯದಿಂದ ಹೊರಬಿದ್ದರು. ಮೈಗೆ ಮೈ ಕೊಟ್ಟು ಆಡಬಲ್ಲ, ಮಿಡ್‌ಫೀಲ್ಡ್‌ಗೂ ಫಾರ್ವರ್ಡ್‌ಗೂ ಹೊಂದುವ ಆಳು ಬೇಕಿತ್ತು, ಪಿಕೆಟ್ ಅದೇ ಕೆಲಸ ಮಾಡುತ್ತಿದ್ದವರು. ಗ್ರ್ಯಾಂಡ್ ಫೈನಲ್‌ನಲ್ಲೇ ಪಾದಾರ್ಪಣೆ. 1952ರ ನಂತರ ಯಾರೂ ಹಾಗೆ ಮಾಡಿರಲಿಲ್ಲ. 22 ಡಿಸ್ಪೋಸಲ್, ಒಂದು ಗೋಲು, ರಿಚ್ಮಂಡ್‌ಗೆ 89 ಅಂಕದ ಗೆಲುವು. ಇದನ್ನು ಪವಾಡ ಎಂದು ಹೇಳುವವರಿದ್ದಾರೆ. ಖಾಲಿಯಾದ ಕೆಲಸ, ಅದನ್ನೇ ಚೆನ್ನಾಗಿ ಮಾಡುತ್ತಿದ್ದ ಆಳು, ಮೈಯಲ್ಲಿ ಆಟದ ಬಿಸಿ ಈ ಮೂರೂ ಒಂದೇ ವಾರ ಕೂಡಿಬಂದದ್ದು ನನಗೆ ಅದಕ್ಕಿಂತ ದೊಡ್ಡ ವಿಷಯವಾಗಿ ಕಾಣುತ್ತದೆ.

ಗುರುವಾರ ಸಂಜೆ ಪಟ್ಟಿ ಕೈಗೆ ಬಂದಾಗ

ಮೊದಲು ಔಟ್ ಕಾಲಂ. ಪ್ರತಿ ಹೆಸರಿನ ಮುಂದೆ ಆತ ಮಾಡುತ್ತಿದ್ದ ಕೆಲಸ ಬರೆಯಿರಿ, ಆಮೇಲೆ ಇನ್ ಕಾಲಂನಲ್ಲಿ ಆ ಕೆಲಸ ಮಾಡುವವನು ಇದ್ದಾನೆಯೇ ನೋಡಿ. ಇಲ್ಲದಿದ್ದರೆ ಈಗಾಗಲೇ ತಂಡದಲ್ಲಿರುವ ಯಾರೋ ಜಾಗ ಬದಲಿಸುತ್ತಿದ್ದಾರೆ ಎಂದು ಅರ್ಥ, ನಿಜವಾದ ಬದಲಾವಣೆ ಅದೇ. ನಂತರ ಎದುರಾಳಿಯ ಪಟ್ಟಿಯಲ್ಲಿ ಎತ್ತರದ ಫಾರ್ವರ್ಡ್‌ಗಳನ್ನು ಎಣಿಸಿ ನಿಮ್ಮ ಎತ್ತರದ ಡಿಫೆಂಡರ್‌ಗಳ ಪಕ್ಕ ಇಡಿ. ಅವರು ಇಬ್ಬರನ್ನು ಆಡಿಸುವಾಗ ನೀವು ಮೂವರನ್ನು ಇಟ್ಟುಕೊಂಡಿದ್ದರೆ ಮೂರನೆಯವನು ಚಿಕ್ಕ ಫಾರ್ವರ್ಡ್ ಒಬ್ಬನ ಹಿಂದೆ ಓಡಬೇಕಾಗುತ್ತದೆ. ಮೈದಾನ ಯಾವುದೆಂದು ನೋಡಿ. ಜಿಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಉದ್ದವಾಗಿ ಕಿರಿದು, ಅಗಲ ಸುಮಾರು 115 ಮೀಟರ್. ಅಲ್ಲಿ ವಿಂಗ್‌ನಲ್ಲಿ ಓಡಿ ಹೋಗಲು ಜಾಗ ಕಡಿಮೆ, ಗುದ್ದಾಡಿ ಚೆಂಡು ಗೆಲ್ಲುವವನಿಗೆ ಬೆಲೆ ಹೆಚ್ಚು. ಅಗಲವಾದ ಎಂಸಿಜಿಯಲ್ಲಿ ಓಟಗಾರ ವಿಂಗ್‌ನವನನ್ನು ಬಿಡುವುದು ಅಪಾಯ.

ಕೊನೆಗೆ ಎಮರ್ಜೆನ್ಸಿ ಹೆಸರುಗಳು. ಬಹಳ ಜನ ಇವನ್ನು ಓದುವುದೇ ಇಲ್ಲ. ಅಲ್ಲಿ ಇದ್ದಕ್ಕಿದ್ದಂತೆ ಎರಡನೇ ರಕ್‌ಮನ್ ಹೆಸರು ಕಂಡರೆ ಮೊದಲ ರಕ್‌ಮನ್‌ಗೆ ಏನೋ ನೋವಿದೆ ಎಂದು ಅನುಮಾನಿಸಬಹುದು. ಎತ್ತರದ ಫಾರ್ವರ್ಡ್ ಮತ್ತು ಚಿಕ್ಕ ಫಾರ್ವರ್ಡ್ ಇಬ್ಬರೂ ಅಲ್ಲಿದ್ದರೆ ಕೋಚ್ ಮಳೆಗಾಗಿ ಕಾಯುತ್ತಿರಬಹುದು. ಆಟಕ್ಕೆ ಒಂದು ಗಂಟೆ ಮುಂಚಿನ ಪಟ್ಟಿ ಬಂದಾಗ ಮೊದಲು ಈ ಮೂರು ನಾಲ್ಕು ಹೆಸರುಗಳನ್ನು ಹುಡುಕಿ. ಅವರಲ್ಲಿ ಒಬ್ಬ ಮೇಲೆ ಬಂದಿದ್ದರೆ, ಮತ್ತೆ ಅದೇ ಪ್ರಶ್ನೆ: ಹೊರಗೆ ಹೋದವನು ಯಾರು, ಅವನ ಕೆಲಸ ಈಗ ಯಾರದು?